ಖಿನ್ನತೆಯ ಅಳತೆ: ರೋಗಿ ಕೊಡುವ ಅಂಕವೋ, ಚಿಕಿತ್ಸಕರು ಕೊಡುವ ಅಂಕವೋ?

ಖಿನ್ನತೆಯನ್ನು ಅಳೆಯಲು ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಕಾಯಿಲೆ ಎಷ್ಟು ತೀವ್ರವಾಗಿದೆ, ಕಳೆದ ತಿಂಗಳಿಗಿಂತ ಈಗ ಇಳಿದಿದೆಯೇ ಎಂದು ತಿಳಿಯಲು ರೂಢಿಯಲ್ಲಿರುವ ದಾರಿಗಳು ಎರಡು. ಪ್ರಶ್ನಾವಳಿಯನ್ನು ರೋಗಿಯ ಕೈಗೆ ಕೊಟ್ಟು ಅವರಿಂದಲೇ ಗುರುತು ಹಾಕಿಸುವುದು ಒಂದು. ತರಬೇತಿ ಪಡೆದವರು ರೋಗಿಯೊಡನೆ ಕುಳಿತು ಮಾತನಾಡಿ, ಕೇಳಿದ್ದನ್ನೂ ಕಂಡದ್ದನ್ನೂ ತೂಗಿ ಅಂಕ ಕೊಡುವುದು ಇನ್ನೊಂದು. ಪ್ರಬಂಧಕ್ಕೆ ಸ್ಕೇಲು ಆರಿಸಬೇಕಾದ ಎಂ.ಫಿಲ್. ಮತ್ತು ಎಂ.ಡಿ. ವಿದ್ಯಾರ್ಥಿಗಳು, ಹೊಸದಾಗಿ ಆಪ್ತಸಮಾಲೋಚನೆ ಆರಂಭಿಸಿದವರು, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ವೈದ್ಯರು, ಇವರೆಲ್ಲರೂ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎರಡರಲ್ಲಿ ಹೆಚ್ಚು ನಿಜವಾದದ್ದು ಯಾವುದು? ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಎರಡೂ ಒಂದೇ ಸಂಗತಿಯನ್ನು ಅಳೆಯುತ್ತಿಲ್ಲ. ಯಾವ ಕೆಲಸಕ್ಕೆ, ಯಾರಿಂದ, ಎಷ್ಟು ಸಮಯದಲ್ಲಿ ಎಂದು ಕೇಳಿದರೆ ಉತ್ತರ ಸಾಕಷ್ಟು ಖಚಿತವಾಗಿಯೇ ಸಿಗುತ್ತದೆ.

ಆರಿಸುವ ಮುನ್ನ ನೋಡಬೇಕಾದದ್ದು

ಮೊದಲನೆಯದಾಗಿ ಉದ್ದೇಶ. ಖಿನ್ನತೆ ಇರಬಹುದಾದವರನ್ನು ಹೆಕ್ಕಿ ತೆಗೆಯುವುದು, ಇದೆಯೆಂದು ಗೊತ್ತಾದ ಮೇಲೆ ಅದರ ತೀವ್ರತೆಯನ್ನು ಅಳೆಯುವುದು, ಚಿಕಿತ್ಸೆಯಿಂದ ಆದ ಬದಲಾವಣೆಯನ್ನು ಹಿಡಿಯುವುದು, ಇವು ಮೂರು ಬೇರೆ ಬೇರೆ ಕೆಲಸಗಳು. ಎರಡನೆಯದಾಗಿ, ಸ್ಕೇಲಿನ ಒಟ್ಟು ಅಂಕದಲ್ಲಿ ಯಾವ ಲಕ್ಷಣಕ್ಕೆ ಎಷ್ಟು ಪಾಲಿದೆ ಎಂಬುದು. ಇದನ್ನು ನೋಡದೆ ಹೆಸರು ನೋಡಿ ಸ್ಕೇಲು ಆರಿಸುವವರೇ ಹೆಚ್ಚು. ಮೂರನೆಯದು, ಉತ್ತರಿಸುವವರ ಓದು, ವಯಸ್ಸು ಮತ್ತು ಆ ಹೊತ್ತಿನ ಸ್ಥಿತಿ. ನಾಲ್ಕನೆಯದು ಸಮಯ ಮತ್ತು ಹಣ: ಸಂದರ್ಶನಕ್ಕೆ ಅರ್ಧ ಗಂಟೆ ಸಿಗುತ್ತದೆಯೇ, ಅಂಕ ಕೊಡುವವರಿಗೆ ತರಬೇತಿ ಕೊಡಲಾಗುತ್ತದೆಯೇ, ಪ್ರಶ್ನಾವಳಿಯನ್ನು ದುಡ್ಡು ಕೊಟ್ಟು ಕೊಳ್ಳಬೇಕೇ. ಕೊನೆಯದಾಗಿ ಮತ್ತು ಮುಖ್ಯವಾಗಿ, ಅಂಕ ಹೆಚ್ಚು ಅಥವಾ ಕಡಿಮೆ ಬಂದರೆ ಅದನ್ನು ಕೊಟ್ಟವರಿಗೆ ಏನು ಲಾಭ ಎಂಬುದು. ರೋಗಿಗೂ ಚಿಕಿತ್ಸಕರಿಗೂ ತಮ್ಮ ತಮ್ಮ ಒಲವುಗಳಿರುತ್ತವೆ, ಮತ್ತು ಅವು ಒಂದೇ ದಿಕ್ಕಿಗೆ ಎಳೆಯುವುದಿಲ್ಲ.

ಚಿಕಿತ್ಸಕರ ಕೈಯಲ್ಲಿರುವ ಸ್ಕೇಲುಗಳು

ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಸ್ಕೇಲು ಇಂದಿಗೂ ಔಷಧ ಪ್ರಯೋಗಗಳಲ್ಲಿ ಹಿರಿಯಣ್ಣನಂತೆ ಕುಳಿತಿದೆ. ಅದರ 17 ಅಂಶಗಳಿಂದ ಗರಿಷ್ಠ 52 ಅಂಕ ಬರುತ್ತದೆ. 7 ಅಥವಾ ಅದಕ್ಕಿಂತ ಕಡಿಮೆಯಾದರೆ ಉಪಶಮನ, ಅಂದರೆ ಲಕ್ಷಣಗಳು ಬಹುಮಟ್ಟಿಗೆ ಇಳಿದಿವೆ, ಎಂದು ಎಣಿಸುವುದು ವಾಡಿಕೆ. ಖಿನ್ನತೆ ಇದೆಯೆಂದು ಆಗಲೇ ನಿರ್ಧಾರವಾದ ರೋಗಿಗಳಲ್ಲಿ ಮಾತ್ರ ಬಳಸಬೇಕಾದ ಸಾಧನ ಇದು ಎಂದು ಹ್ಯಾಮಿಲ್ಟನ್ ಸ್ಪಷ್ಟವಾಗಿ ಬರೆದಿದ್ದರು. ಒಂದೇ ಸಂದರ್ಶನವನ್ನು ಇಬ್ಬರು ಗಮನಿಸಿ ಬೇರೆ ಬೇರೆಯಾಗಿ ಅಂಕ ಕೊಟ್ಟು, ಆ ಎರಡನ್ನೂ ಕೂಡಿಸಬೇಕೆಂಬುದು ಅವರ ಮೂಲ ಸಲಹೆಯಾಗಿತ್ತು. ಎರಡು ಮಾತುಗಳನ್ನೂ ಇಂದು ಬಹುಮಂದಿ ಮರೆತಿದ್ದಾರೆ.

ಈ ಸ್ಕೇಲಿನ ಬಲ ಮತ್ತು ದೌರ್ಬಲ್ಯ ಎರಡೂ ಅದರ ಅಂಕ ಹಂಚಿಕೆಯಲ್ಲಿವೆ. ಮಾತು ಮತ್ತು ಚಲನೆಯ ನಿಧಾನಗತಿ, ಸಂದರ್ಶನದ ಹೊತ್ತಿನಲ್ಲಿ ಕಾಣುವ ಚಡಪಡಿಕೆ, ತನಗೆ ಕಾಯಿಲೆಯಿದೆ ಎಂಬ ಅರಿವು, ಇವುಗಳಿಗೆ ಇಲ್ಲಿ ಪ್ರತ್ಯೇಕ ಸ್ಥಾನವಿದೆ. ಯಾವ ರೋಗಿಯೂ ಇವನ್ನು ತನ್ನಲ್ಲಿ ತಾನೇ ನಿಖರವಾಗಿ ಗುರುತಿಸಲಾರ. ಅದೇ ವೇಳೆ ನಿದ್ರೆಗೆ ಮೂರು ಅಂಶಗಳಿವೆ: ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು, ನಸುಕಿಗೆ ಮುನ್ನವೇ ಎದ್ದುಬಿಡುವುದು. ಮೂರಕ್ಕೂ ಸೇರಿ 6 ಅಂಕ. ಹೀಗಾಗಿ ನಿದ್ದೆ ಬರಿಸುವ ಗುಣವುಳ್ಳ ಯಾವುದೇ ಔಷಧ, ಮನಸ್ಸಿನ ಭಾರವನ್ನು ಕಿಂಚಿತ್ತೂ ಇಳಿಸದೆ, ಅಂಕವನ್ನು ಆರರಷ್ಟು ಇಳಿಸಿಬಿಡಬಲ್ಲದು. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರ ತನ್ನ ಮಾರ್ಗಸೂಚಿಯಲ್ಲಿ ಔಷಧಕ್ಕೂ ಪ್ಲಸೀಬೊಗೂ (ಔಷಧವಿಲ್ಲದ ಹುಸಿಮಾತ್ರೆಗೂ) ನಡುವೆ 3 ಅಂಕಗಳ ವ್ಯತ್ಯಾಸವಿದ್ದರೆ ಅದು ಚಿಕಿತ್ಸೆಯ ದೃಷ್ಟಿಯಿಂದ ಗಣನೀಯವೆಂದು ಇಟ್ಟುಕೊಂಡಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯದ ಗಾತ್ರ ತಿಳಿಯುತ್ತದೆ. ಇನ್ನು ಅತಿಯಾಗಿ ಮಲಗುವ, ಅತಿಯಾಗಿ ತಿನ್ನುವ ಬಗೆಯ ಖಿನ್ನತೆಗೆ ಈ 17 ಅಂಶಗಳಲ್ಲಿ ಜಾಗವೇ ಇಲ್ಲ.

ಲಂಡನ್ನಿನ ಸ್ಟುವರ್ಟ್ ಮಾಂಟ್ಗೊಮೆರಿ ಮತ್ತು ಸ್ವೀಡನ್ನಿನ ಮೇರಿ ಆಸ್‌ಬೆರ್ಗ್ 1979ರಲ್ಲಿ ಹೊರತಂದ, ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ಹೊತ್ತ ಎಂಎಡಿಆರ್‌ಎಸ್ ಈ ತೊಡಕನ್ನು ಸಾಕಷ್ಟು ಮಟ್ಟಿಗೆ ಸರಿಪಡಿಸಿತು. ಚಿಕಿತ್ಸೆಯಿಂದ ಹೆಚ್ಚು ಬದಲಾಗುವ ಲಕ್ಷಣಗಳನ್ನೇ ಆಯ್ದು ಮಾಡಿದ 10 ಅಂಶಗಳು, ಪ್ರತಿಯೊಂದಕ್ಕೂ 0ಯಿಂದ 6, ಒಟ್ಟು 60. ಇದರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ ದುಃಖಕ್ಕೆ ಎರಡು ಪ್ರತ್ಯೇಕ ಅಂಶಗಳಿರುವುದು: ಮುಖದಲ್ಲಿ, ದನಿಯಲ್ಲಿ, ಕೂರುವ ಭಂಗಿಯಲ್ಲಿ ಚಿಕಿತ್ಸಕರಿಗೆ ಕಾಣುವ ದುಃಖ ಒಂದು, ರೋಗಿ ಹೇಳಿಕೊಳ್ಳುವ ದುಃಖ ಇನ್ನೊಂದು. ಎರಡೂ ಒಂದೇ ಅಲ್ಲವೆಂಬುದನ್ನು ಸ್ಕೇಲೇ ಒಪ್ಪಿಕೊಂಡಂತಾಯಿತು. ದೇಹದ ಬೇರೆ ಕಾಯಿಲೆಗಳಿರುವ ರೋಗಿಗಳಲ್ಲಿ ಹ್ಯಾಮಿಲ್ಟನ್ ಸ್ಕೇಲಿಗಿಂತ ಇದು ಮೇಲು, ಏಕೆಂದರೆ ಮೈಕೈ ನೋವು, ಎದೆ ಡವಗುಟ್ಟುವಿಕೆ, ಮಲಬದ್ಧತೆಯಂಥ ದೂರುಗಳು ಇದರ ಅಂಕವನ್ನು ಅಷ್ಟಾಗಿ ಉಬ್ಬಿಸುವುದಿಲ್ಲ.

ಎರಡಕ್ಕೂ ಸಮಾನವಾದ ಖರ್ಚು ತರಬೇತಿಯದು. ಒಬ್ಬರು 2 ಕೊಟ್ಟಲ್ಲಿ ಇನ್ನೊಬ್ಬರು 4 ಕೊಡುತ್ತಿದ್ದರೆ ಸ್ಕೇಲು ಎಷ್ಟೇ ಪ್ರಸಿದ್ಧವಾಗಿದ್ದರೂ ಅಂಕಕ್ಕೆ ಬೆಲೆಯಿಲ್ಲ. ಈ ಏರುಪೇರನ್ನು ತಗ್ಗಿಸಲೆಂದೇ ಜಾನೆಟ್ ವಿಲಿಯಮ್ಸ್ 1988ರಲ್ಲಿ ಹ್ಯಾಮಿಲ್ಟನ್ ಸ್ಕೇಲಿಗೆ ಸಿದ್ಧ ಪ್ರಶ್ನೆಗಳ ಸಂದರ್ಶನ ಕ್ರಮವೊಂದನ್ನು ರೂಪಿಸಿದರು. ಪ್ರಬಂಧಕ್ಕೆ ಹ್ಯಾಮಿಲ್ಟನ್ ಬಳಸುವವರು ಕನಿಷ್ಠ ಇಂಥದ್ದೊಂದು ಕ್ರಮವನ್ನಾದರೂ ಅನುಸರಿಸುವುದು ಒಳ್ಳೆಯದು. ಖಾಲಿ ಅಂಕಪಟ್ಟಿ ಹಿಡಿದು ಮನಸ್ಸಿಗೆ ಬಂದಂತೆ ಕೇಳುತ್ತಾ ಹೋಗುವುದು ಸಂದರ್ಶನವಾಗುವುದಿಲ್ಲ.

ರೋಗಿಯ ಕೈಯಲ್ಲಿರುವ ಪ್ರಶ್ನಾವಳಿಗಳು

ಆರನ್ ಬೆಕ್ ಅವರ ಪ್ರಶ್ನಾವಳಿ 1961ರದು; 1996ರಲ್ಲಿ ಪರಿಷ್ಕೃತವಾಯಿತು. 21 ಅಂಶಗಳು, ಗರಿಷ್ಠ 63 ಅಂಕ. ಸೋತೆನೆಂಬ ಭಾವನೆ, ತಪ್ಪಿತಸ್ಥ ಭಾವನೆ, ತನ್ನನ್ನು ತಾನೇ ದ್ವೇಷಿಸುವುದು, ಶಿಕ್ಷೆಗೆ ಅರ್ಹನೆಂಬ ನಂಬಿಕೆ, ಹೀಗೆ ಆಲೋಚನೆಗಳಿಗೆ ಇಲ್ಲಿ ಸಿಂಹಪಾಲು. ಹ್ಯಾಮಿಲ್ಟನ್ ಎಲ್ಲಿ ನಿದ್ದೆಯನ್ನು ಎಣಿಸುತ್ತಾರೋ ಅಲ್ಲಿ ಬೆಕ್ ಮನುಷ್ಯ ತನ್ನ ಬಗ್ಗೆ ಏನೆಂದುಕೊಂಡಿದ್ದಾನೆ ಎಂಬುದನ್ನು ಎಣಿಸುತ್ತಾರೆ. ಆದ್ದರಿಂದ ಆಲೋಚನೆಗಳನ್ನೇ ತಿದ್ದುವ ಮನೋಚಿಕಿತ್ಸೆಯನ್ನು ಅಳೆಯಲು ಇದು ಸೊಗಸಾದ ಸಾಧನ. ಆದರೆ ಅದೇ ಕಾರಣಕ್ಕೆ ಆ ಚಿಕಿತ್ಸೆಯ ಪರವಾಗಿ ತುಸು ವಾಲಬಹುದೆಂಬ ಎಚ್ಚರವೂ ಬೇಕು. ಹಕ್ಕುಸ್ವಾಮ್ಯವಿರುವುದರಿಂದ ಇದನ್ನು ಕೊಂಡೇ ಬಳಸಬೇಕು. ಜೆರಾಕ್ಸ್ ಪ್ರತಿಗಳು ಎಲ್ಲೆಡೆ ಓಡಾಡುತ್ತಿವೆ ಎಂಬುದು ಅದಕ್ಕೆ ಸಮರ್ಥನೆಯಾಗದು.

ಪಿಎಚ್‌ಕ್ಯೂ-9 ಇವುಗಳಲ್ಲಿ ಎಳೆಯದು ಮತ್ತು ಇಂದು ಬಹುಶಃ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿರುವುದು. ರಾಬರ್ಟ್ ಸ್ಪಿಟ್ಜರ್, ಕರ್ಟ್ ಕ್ರೋಂಕೆ ಮತ್ತು ಮೇಲೆ ಹೆಸರಿಸಿದ ಅದೇ ಜಾನೆಟ್ ವಿಲಿಯಮ್ಸ್ ಇದನ್ನು ರೂಪಿಸಿದವರು. ಎರಡೂ ಪಾಳಯಗಳಲ್ಲಿ ಒಬ್ಬರೇ ದುಡಿದಿದ್ದಾರೆಂಬುದು ಪಕ್ಷ ಕಟ್ಟಿ ವಾದಿಸುವವರು ಗಮನಿಸಬೇಕಾದ ಸಂಗತಿ. ಒಂಬತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗಿನ ನಾಲ್ಕು ಉತ್ತರಗಳು, ಗರಿಷ್ಠ 27. 5, 10, 15, 20 ಎಂಬ ಗಡಿಗಳು ಸೌಮ್ಯದಿಂದ ತೀವ್ರದವರೆಗಿನ ಮೆಟ್ಟಿಲುಗಳು. 2001ರ ಮೂಲ ಅಧ್ಯಯನದಲ್ಲಿ 10ರ ಗಡಿ ಖಿನ್ನತೆ ಇದ್ದವರಲ್ಲಿ ಶೇ. 88ರಷ್ಟು ಜನರನ್ನು ಹಿಡಿಯಿತು, ಇಲ್ಲದವರಲ್ಲಿ ಶೇ. 88ರಷ್ಟು ಜನರನ್ನು ಸರಿಯಾಗಿ ಬಿಟ್ಟಿತು. ಬಳಸಲು ಶುಲ್ಕವಿಲ್ಲ, ಕನ್ನಡದ ಆವೃತ್ತಿಯಿದೆ, ಐದು ನಿಮಿಷ ಸಾಕು.

ಇದರ ಒಂದು ಮಿತಿಯನ್ನು ಮಾತ್ರ ಸ್ಪಷ್ಟವಾಗಿ ತಿಳಿದಿರಬೇಕು. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗಾಯಿತು ಎಂದು ಇದು ಕೇಳುತ್ತದೆಯೇ ಹೊರತು ಆದಾಗ ಎಷ್ಟು ಘೋರವಾಗಿತ್ತು ಎಂದು ಕೇಳುವುದಿಲ್ಲ. ನಾಲ್ಕು ದಿನ ಹಾಸಿಗೆಯಿಂದೇಳಲಾಗದೆ ನರಳಿ ಉಳಿದ ಹತ್ತು ದಿನ ಹೇಗೋ ನಡೆದಾಡಿಕೊಂಡಿದ್ದವರಿಗೆ ಆ ಪ್ರಶ್ನೆಯಲ್ಲಿ 1 ಅಂಕ. ಎರಡು ವಾರವೂ ಮಂಕಾಗಿದ್ದು ಕೆಲಸಕ್ಕೆ ಹೋಗಿ ಬರುತ್ತಿದ್ದವರಿಗೆ 3. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡ ಚಿಕಿತ್ಸಕರು ಕೊಡುವ ಅಂಕ ತಿರುಗುಮುರುಗಾಗಿರುವ ಸಾಧ್ಯತೆಯೇ ಹೆಚ್ಚು. ಕಾಲಾವಧಿಯ ವ್ಯತ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ: ಹ್ಯಾಮಿಲ್ಟನ್ ಸಂದರ್ಶನ ಸಾಮಾನ್ಯವಾಗಿ ಕಳೆದ ಒಂದು ವಾರವನ್ನು ವಿಚಾರಿಸುತ್ತದೆ, ಪಿಎಚ್‌ಕ್ಯೂ-9 ಎರಡು ವಾರಗಳನ್ನು. ಇತ್ತೀಚೆಗಷ್ಟೇ ಚೇತರಿಕೆ ಕಂಡ ರೋಗಿಯಲ್ಲಿ ಎರಡೂ ಅಂಕಗಳು ಭಿನ್ನವಾಗಿ ಬಂದರೆ ಯಾರೂ ಸುಳ್ಳು ಹೇಳಿದ್ದಾರೆಂದು ಅರ್ಥವಲ್ಲ.

ಬಾಣಂತಿಯರಿಗೆ ಮತ್ತು ಗರ್ಭಿಣಿಯರಿಗೆ 1987ರ ಎಡಿನ್‌ಬರೊ ಪ್ರಶ್ನಾವಳಿಯೇ ತಕ್ಕದ್ದು. ಆ ಸ್ಥಿತಿಯಲ್ಲಿ ಹೇಗೂ ಏರುಪೇರಾಗುವ ಸುಸ್ತು, ಹಸಿವುಗಳನ್ನು ಅದು ಬೇಕೆಂದೇ ಬದಿಗಿಟ್ಟಿದೆ. ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಅದನ್ನು ಪರೀಕ್ಷಿಸಿದ ಅಧ್ಯಯನವೂ 2011ರಲ್ಲಿ ಪ್ರಕಟವಾಗಿದೆ. ವೃದ್ಧರಿಗೆ ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ, 15 ಪ್ರಶ್ನೆಗಳ ಜೆರಿಯಾಟ್ರಿಕ್ ಸ್ಕೇಲು ಸುಲಭ. ಮರೆವಿನ ಕಾಯಿಲೆ ಮುಂದುವರಿದಿದ್ದರೆ ಸ್ವಯಂವರದಿಯ, ಅಂದರೆ ರೋಗಿಯೇ ಗುರುತು ಹಾಕುವ ಪ್ರಶ್ನಾವಳಿಯ, ಆಸೆಯನ್ನೇ ಬಿಟ್ಟು, ನೋಡಿಕೊಳ್ಳುವವರನ್ನೂ ವಿಚಾರಿಸಿ ಅಂಕ ಕೊಡುವ 1988ರ ಕಾರ್ನೆಲ್ ಸ್ಕೇಲಿಗೆ ಹೋಗಬೇಕು.

ಅಂತರ ಎಲ್ಲಿಂದ ಬರುತ್ತದೆ

ಒಂದೇ ಪ್ರಶ್ನೆಗಳನ್ನು ಎರಡೂ ಕಡೆಯವರಿಗೆ ಕೊಟ್ಟರೆ ಅಂತರ ಉಳಿಯುತ್ತದೆಯೇ? ಇದನ್ನು ನೋಡಲು ಅನುಕೂಲವಾಗುವಂತೆ ಜಾನ್ ರಶ್ ಮತ್ತು ಸಂಗಡಿಗರು 2003ರಲ್ಲಿ ಕ್ವಿಡ್ಸ್ ಎಂಬ ಜೋಡಿ ಸ್ಕೇಲನ್ನು ಪ್ರಕಟಿಸಿದರು. 16 ಅಂಶಗಳು, 27 ಅಂಕ; ಚಿಕಿತ್ಸಕರಿಗೊಂದು, ರೋಗಿಗೊಂದು, ಒಳಗಿರುವುದು ಒಂದೇ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳನ್ನು ಒಳಗೊಂಡ ಸ್ಟಾರ್-ಡಿ ಅಧ್ಯಯನದಲ್ಲಿ ಇದರ ಸ್ವಯಂವರದಿ ರೂಪವನ್ನೂ, ಸ್ವತಂತ್ರ ಪರಿಶೀಲಕರು ಫೋನಿನಲ್ಲಿ ನಡೆಸಿದ ಹ್ಯಾಮಿಲ್ಟನ್ ಸಂದರ್ಶನವನ್ನೂ ಬಳಸಲಾಯಿತು. ಮೊದಲ ಹಂತದ ಚಿಕಿತ್ಸೆಯ ಕೊನೆಗೆ ಹ್ಯಾಮಿಲ್ಟನ್ ಪ್ರಕಾರ ಶೇ. 28, ಕ್ವಿಡ್ಸ್ ಸ್ವಯಂವರದಿಯ ಪ್ರಕಾರ ಶೇ. 33 ರೋಗಿಗಳು ಉಪಶಮನ ಕಂಡಿದ್ದರು. ನೋಡಿದೊಡನೆ ರೋಗಿಗಳೇ ಹೆಚ್ಚು ಉದಾರಿಗಳೆನ್ನಿಸುತ್ತದೆ. ಆದರೆ ಕೊನೆಯ ಹ್ಯಾಮಿಲ್ಟನ್ ಸಂದರ್ಶನ ಸಿಗದವರನ್ನು ಉಪಶಮನವಾಗದವರೆಂದೇ ಅಲ್ಲಿ ಎಣಿಸಲಾಗಿತ್ತು. ಸ್ವಯಂವರದಿ ಪ್ರತಿ ಭೇಟಿಯಲ್ಲೂ ಸಿಗುತ್ತಿತ್ತು. ಅಂತರದ ಒಂದು ಪಾಲು ಮನಸ್ಸಿನದಲ್ಲ, ಲೆಕ್ಕ ಹಾಕುವ ಕ್ರಮದ್ದು.

ಮನೋಚಿಕಿತ್ಸೆಯ ಪ್ರಯೋಗಗಳಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಪಿಮ್ ಕೈಪರ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ, ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಸಮಗ್ರ ವಿಶ್ಲೇಷಣೆಯಲ್ಲಿ ಚಿಕಿತ್ಸಕರ ಸ್ಕೇಲುಗಳು ತೋರಿದ ಸುಧಾರಣೆ ರೋಗಿಗಳ ಪ್ರಶ್ನಾವಳಿಗಳು ತೋರಿದ್ದಕ್ಕಿಂತ ದೊಡ್ಡದಾಗಿತ್ತು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಎಂದು ತಿಳಿದ ಪರಿಶೀಲಕರು ಸುಧಾರಣೆಯನ್ನು ನಿರೀಕ್ಷಿಸುತ್ತಾರೆ. ಪ್ರಯೋಗಕ್ಕೆ ಸೇರಲು ಇಂತಿಷ್ಟು ಅಂಕ ಬೇಕೆಂಬ ನಿಯಮವಿದ್ದರೆ, ರೋಗಿಯನ್ನು ಸೇರಿಸಿಕೊಳ್ಳುವ ಆತುರದಲ್ಲಿ ಆರಂಭದ ಅಂಕ ತುಸು ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ರೋಗಿಯ ಕಡೆಯ ವಾಲುವಿಕೆಯೂ ಯಾದೃಚ್ಛಿಕವಲ್ಲ. ಸ್ವಭಾವತಃ ಆತಂಕ, ನೋವುಗಳಿಗೆ ಬೇಗ ಒಳಗಾಗುವವರು ಮತ್ತು ಎಳೆಯ ವಯಸ್ಸಿನವರು ಚಿಕಿತ್ಸಕರು ಕೊಡುವುದಕ್ಕಿಂತ ಹೆಚ್ಚಿನ ಅಂಕವನ್ನು ತಮಗೆ ಕೊಟ್ಟುಕೊಳ್ಳುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಇನ್ನೊಂದು ತುದಿಯಲ್ಲಿ, ಮಾತೇ ಹೊರಡದಷ್ಟು ಕುಗ್ಗಿದವರು, ಭ್ರಮೆಗಳಿರುವವರು, ಕಾಯಿಲೆಯೇ ಇಲ್ಲವೆಂದು ನಂಬಿರುವವರು ಕಡಿಮೆ ಅಂಕ ಹಾಕಬಹುದು ಅಥವಾ ಹಾಳೆಯನ್ನು ಖಾಲಿ ಬಿಡಬಹುದು. ನಮ್ಮಲ್ಲಿ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬುದೂ ಅಂಕವನ್ನು ಬದಲಿಸುತ್ತದೆ. ಅತ್ತೆಯೋ ಗಂಡನೋ ಜೊತೆಗಿರುವಾಗ ಬದುಕು ಬೇಡವೆನ್ನಿಸಿತೇ ಎಂಬ ಪ್ರಶ್ನೆಗೆ ಸೊಸೆ ಕೊಡುವ ಸೊನ್ನೆಯನ್ನು ಸೊನ್ನೆಯೆಂದು ಓದುವುದು ಅವಿವೇಕ.

ಓದಲು ಬಾರದವರ ವಿಷಯದಲ್ಲಿ ಎರಡರ ನಡುವಿನ ರೂಪವೊಂದು ಹುಟ್ಟಿಕೊಳ್ಳುತ್ತದೆ: ಸ್ವಯಂವರದಿಯ ಪ್ರಶ್ನೆಗಳನ್ನು ನರ್ಸೋ ಆಶಾ ಕಾರ್ಯಕರ್ತೆಯೋ ಓದಿ ಹೇಳಿ ಉತ್ತರ ಗುರುತಿಸಿಕೊಳ್ಳುವುದು. ಇದನ್ನು ಅಡ್ಡದಾರಿಯೆಂದು ತಿಳಿಯಬೇಕಿಲ್ಲ. 1961ರಲ್ಲಿ ಬೆಕ್ ಅವರ ಪ್ರಶ್ನಾವಳಿಯನ್ನೂ ಸಂದರ್ಶಕರೇ ರೋಗಿಗೆ ಓದಿ ಹೇಳುತ್ತಿದ್ದರು. ಷರತ್ತು ಇಷ್ಟೇ: ಅಚ್ಚಾದ ಮಾತನ್ನೇ ಓದಬೇಕು, ನಾಲ್ಕೂ ಉತ್ತರಗಳನ್ನು ಪ್ರತಿ ಸಲ ಹೇಳಬೇಕು, ಉತ್ತರವನ್ನು ತಿದ್ದಬಾರದು, ಕಾರಿಡಾರಿನಲ್ಲಿ ಎಲ್ಲರೆದುರು ಕೇಳಬಾರದು. ಓದಿ ಹೇಳುವವರು ತಮ್ಮ ಅಂದಾಜಿನಂತೆ ಅಂಕ ಹಾಕತೊಡಗಿದರೆ ಅದು ತರಬೇತಿಯಿಲ್ಲದ ಚಿಕಿತ್ಸಕರ ಸ್ಕೇಲಾಗುತ್ತದೆ, ಅಂದರೆ ಎರಡರ ಕೆಡುಕುಗಳೂ ಒಂದೆಡೆ ಸೇರುತ್ತವೆ.

ಯಾರಿಗೆ ಯಾವುದು

ಹಣವೂ ಸಿಬ್ಬಂದಿಯೂ ಇಲ್ಲದ ಆಪ್ತಸಮಾಲೋಚಕರಿಗೆ ಮತ್ತು ಹೊರರೋಗಿ ವಿಭಾಗಕ್ಕೆ ನನ್ನ ಸಲಹೆ ಪಿಎಚ್‌ಕ್ಯೂ-9, ಅದನ್ನೂ ಎರಡು ವಾರಕ್ಕೊಮ್ಮೆ ಅಥವಾ ಪ್ರತಿ ಭೇಟಿಯಲ್ಲಿ ತಪ್ಪದೆ. ವರ್ಷಕ್ಕೊಮ್ಮೆ ಮಾಡಿದ ಸೊಗಸಾದ ಹ್ಯಾಮಿಲ್ಟನ್ ಸಂದರ್ಶನಕ್ಕಿಂತ ಎಂಟು ಭೇಟಿಗಳ ಎಂಟು ಸಾಧಾರಣ ಅಂಕಗಳು ಚಿಕಿತ್ಸೆ ಬದಲಿಸಬೇಕೇ ಎಂಬುದನ್ನು ಚೆನ್ನಾಗಿ ಹೇಳುತ್ತವೆ. 5 ಅಂಕಗಳ ಇಳಿಕೆಯನ್ನು ಅರ್ಥವುಳ್ಳ ಬದಲಾವಣೆಯೆಂದು ಎಣಿಸಬಹುದು. ಒಂದೆರಡು ಅಂಕಗಳ ಏರಿಳಿತಕ್ಕೆ ಮಾತ್ರೆ ಬದಲಿಸಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೆ ಮೊದಲ ಎರಡು ಪ್ರಶ್ನೆಗಳನ್ನಷ್ಟೇ ಎಲ್ಲರಿಗೂ ಕೇಳಿ, 3 ಅಥವಾ ಹೆಚ್ಚು ಬಂದವರಿಗೆ ಉಳಿದ ಏಳನ್ನು ಕೇಳುವುದು ಸಾಧ್ಯ. ಗಡಿ ದಾಟಿದವರಿಗೆಲ್ಲ ಖಿನ್ನತೆಯಿದೆ ಎಂದು ಬರೆದುಬಿಡಬಾರದು. ಥೈರಾಯ್ಡ್, ರಕ್ತಹೀನತೆ, ಮದ್ಯ, ಇತ್ತೀಚಿನ ಸಾವು-ನೋವು, ಹಿಂದೆ ಎಂದಾದರೂ ಅತಿ ಉತ್ಸಾಹದ ಅವಧಿ ಬಂದಿತ್ತೇ ಎಂಬುದು, ಇವನ್ನು ಕೇಳಿ ತಿಳಿಯಬೇಕಾದವರು ಚಿಕಿತ್ಸಕರೇ. ಈ ಸ್ಕೇಲುಗಳಲ್ಲಿ ಯಾವುದೂ ಬೈಪೋಲಾರ್ ಕಾಯಿಲೆಯನ್ನು, ಅಂದರೆ ಖಿನ್ನತೆಯ ಜೊತೆಗೆ ಅತಿ ಉತ್ಸಾಹದ ಅವಧಿಗಳೂ ಬರುವ ಕಾಯಿಲೆಯನ್ನು, ಗುರುತಿಸುವುದಿಲ್ಲ.

ಒಳರೋಗಿಗಳಿಗೆ, ತೀರಾ ಕುಗ್ಗಿದವರಿಗೆ, ಭ್ರಮೆಯಿರುವವರಿಗೆ ಎಂಎಡಿಆರ್‌ಎಸ್‌ನಿಂದ ಆರಂಭಿಸಿ, ಅವರು ಚೇತರಿಸಿಕೊಂಡ ಮೇಲೆ ಸ್ವಯಂವರದಿಯನ್ನು ಸೇರಿಸಿಕೊಳ್ಳುವುದು ಸರಿಯಾದ ಕ್ರಮ. ರೋಗ ಇಳಿಯುತ್ತಿದ್ದಂತೆ ಕೆಲಸ, ನಿದ್ದೆ, ಮಾತು ಮೊದಲು ಸುಧಾರಿಸಿ ಒಳಗಿನ ನಿರಾಶೆ ಹಿಂದೆ ಉಳಿಯುವುದುಂಟು. ಚಿಕಿತ್ಸಕರು ಗುಣವಾಯಿತೆಂದು ಬರೆಯುವ ಆ ಹೊತ್ತಿನಲ್ಲಿ ರೋಗಿಯ ಹಾಳೆಯನ್ನೂ ನೋಡಬೇಕು.

ಪ್ರಬಂಧ ಬರೆಯುವವರಿಗೆ ಎರಡೂ ಬೇಕು, ಮತ್ತು ಯಾವುದು ಮುಖ್ಯ ಅಳತೆ ಎಂಬುದನ್ನು ದತ್ತಾಂಶ ಕೈಗೆ ಬರುವ ಮುನ್ನವೇ ಬರೆದಿಟ್ಟಿರಬೇಕು; ಆಮೇಲೆ ಚೆನ್ನಾಗಿ ಕಂಡದ್ದನ್ನು ಮುಖ್ಯವೆನ್ನುವುದು ಸಂಶೋಧನೆಯಲ್ಲ. ಚಿಕಿತ್ಸೆ ಕೊಡುವ ವಿದ್ಯಾರ್ಥಿಯೇ ಕೊನೆಯ ಹ್ಯಾಮಿಲ್ಟನ್ ಅಂಕವನ್ನೂ ಕೊಡುವ ಪದ್ಧತಿ ಎಷ್ಟೋ ಕಡೆ ನಡೆದುಕೊಂಡು ಬಂದಿದೆ. ಅದರ ಬದಲು ಇಬ್ಬರು ಸಹಪಾಠಿಗಳು ಪರಸ್ಪರರ ರೋಗಿಗಳಿಗೆ, ಗುಂಪು ಯಾವುದೆಂದು ತಿಳಿಯದೆ, ಅಂಕ ಕೊಟ್ಟರೆ ಖರ್ಚಿಲ್ಲದೆ ದೊಡ್ಡ ದೋಷವೊಂದು ಕಳೆಯುತ್ತದೆ. ಅದೂ ಆಗದಿದ್ದರೆ ಸ್ವಯಂವರದಿಯನ್ನೇ ಮುಖ್ಯವಾಗಿಟ್ಟುಕೊಳ್ಳುವುದು ಪ್ರಾಮಾಣಿಕ. ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ವೃತ್ತಿಪರರಲ್ಲದ ಸಮಾಲೋಚಕರ ಮೂಲಕ ನಡೆಸಿ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀವ್ರತೆಯ ಮುಖ್ಯ ಅಳತೆ ಬೆಕ್ ಪ್ರಶ್ನಾವಳಿ, ಉಪಶಮನದ ಅಳತೆ ಪಿಎಚ್‌ಕ್ಯೂ-9. ಎರಡೂ ರೋಗಿಯ ಮಾತೇ, ಚಿಕಿತ್ಸೆ ಕೊಡದ ಬೇರೆಯವರು ದಾಖಲಿಸಿಕೊಂಡದ್ದು.

ಎರಡು ಅಂಕಗಳು ಹೊಂದದಿದ್ದಾಗ

ಹ್ಯಾಮಿಲ್ಟನ್‌ನ 52ರ ಅಂಕದಿಂದ ಪಿಎಚ್‌ಕ್ಯೂ-9ರ 27ರ ಅಂಕವನ್ನು ಕಳೆಯುವುದು ಅರ್ಥಹೀನ; ಒಂದರಲ್ಲಿ ಸೌಮ್ಯ, ಇನ್ನೊಂದರಲ್ಲಿ ತೀವ್ರ ಎಂಬ ಮಟ್ಟಗಳನ್ನು ಹೋಲಿಸಬೇಕು. ನೇರವಾಗಿ ಕಳೆದು ನೋಡಬೇಕೆಂದಿದ್ದರೆ ಕ್ವಿಡ್ಸ್ ಜೋಡಿಯೇ ಅದಕ್ಕೆ ಸರಿ. ಬಳಿಕ ಒಟ್ಟು ಅಂಕವನ್ನು ಬಿಟ್ಟು ಒಂದೊಂದು ಪ್ರಶ್ನೆಗೆ ಇಳಿದು, ಭಿನ್ನವಾಗಿ ಬಂದಿರುವ ಎರಡು ಮೂರನ್ನು ರೋಗಿಯ ಮುಂದಿಟ್ಟು ಕೇಳಬೇಕು: ನೀವು ಇಲ್ಲಿ ದಿನವೂ ಎಂದು ಬರೆದಿದ್ದೀರಿ, ನನಗೆ ಹಾಗೆ ತೋರಲಿಲ್ಲ, ಒಂದು ದಿನ ಹೇಗಿರುತ್ತದೆ ಹೇಳಿ. ಈ ಐದು ನಿಮಿಷದ ಮಾತಿನಲ್ಲಿ ಹೊರಬರುವ ಮಾಹಿತಿ ಎಷ್ಟೋ ಸಲ ಎರಡೂ ಸ್ಕೇಲುಗಳಲ್ಲಿ ಇರುವುದಿಲ್ಲ. ಕಡತದಲ್ಲಿ ಎರಡೂ ಅಂಕಗಳನ್ನು ದಿನಾಂಕದೊಂದಿಗೆ ಬೇರೆ ಬೇರೆ ಸಾಲುಗಳಲ್ಲಿ ಬರೆದಿಡಬೇಕು, ಸರಾಸರಿ ತೆಗೆಯಬಾರದು.

ಆತ್ಮಹತ್ಯೆಯ ಆಲೋಚನೆಯ ಪ್ರಶ್ನೆಗೆ ಮಾತ್ರ ನಿಯಮ ಬೇರೆ. ಅಲ್ಲಿ ಯಾರ ಅಂಕ ಹೆಚ್ಚಿದೆಯೋ ಅದನ್ನೇ ನಂಬಿ, ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ ಅದೇ ದಿನ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ರೋಗಿಯೊಬ್ಬರೊಡನೆ ನೇರವಾಗಿ ವಿಚಾರಿಸಬೇಕು. ಹಾಳೆ ತುಂಬಿಸಿಕೊಂಡು ಯಾರೂ ನೋಡದೆ ಕಡತಕ್ಕೆ ಸೇರಿಸುವಂತಿದ್ದರೆ ಆ ಪ್ರಶ್ನೆಯನ್ನು ಕೇಳಲೇಬಾರದು. ಮನೆಯಲ್ಲಿ ತಾವೇ ಪಿಎಚ್‌ಕ್ಯೂ-9 ತುಂಬಿ ನೋಡಿಕೊಳ್ಳುವವರು ಆತ್ಮಹತ್ಯೆಯ ಆಲೋಚನೆಯನ್ನು ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದೆ ಬೇರೇನನ್ನಾದರೂ ಗುರುತಿಸಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹತ್ತಿರದವರಿಗೆ ತಿಳಿಸಿ, ತಮ್ಮ ವೈದ್ಯರಿಗೆ ಅಥವಾ ಕನ್ನಡದಲ್ಲಿಯೂ ಉತ್ತರಿಸುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅದು ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ಹಣವಿಲ್ಲ.